ಸುನಿಲ್ದಾಳ ಕಾರು ನಿಲ್ಲುತ್ತಿದ್ದದ್ದು

ಮೂರು ಲಕ್ಷ ತೊಂಬತ್ತು ಸಾವಿರ ಕಿಲೋಮೀಟರು ಓಡಿದ ಮೇಲೆ ಸುನಿಲ್ದಾಳ ಕಾರಿಗೆ ನಡುದಾರಿಯಲ್ಲಿ ನಿಂತುಬಿಡುವ ಚಟ ಹತ್ತಿತು. ಕೆಮ್ಮುವುದಿಲ್ಲ, ಹೊಗೆ ಬಿಡುವುದಿಲ್ಲ. ಮಾತಾಡುತ್ತಿದ್ದ ಮುದುಕ ಮಾತಿನ ಮಧ್ಯೆಯೇ ನಿದ್ದೆಹೋದ ಹಾಗೆ ಎಂಜಿನ್ನು ಸುಮ್ಮನಾಗುತ್ತಿತ್ತು. ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಆ ಬುಧವಾರ ಬೆಳಿಗ್ಗೆ ಅದು ಅವಳ ಊರು ಇತೌಗುವಾದ ಚರ್ಚಿನೆದುರು, ಒಂದು ಶವಯಾತ್ರೆಗೆ ಅಡ್ಡವಾಗಿ ನಿಂತಿತು. ಗಾಬರಿಯಲ್ಲಿ ಅವಳು ಕೀ ತಿರುಗಿಸಿದ್ದೇ ತಿರುಗಿಸಿದ್ದು, ಎಂಜಿನ್ನಿಗೆ ಪೆಟ್ರೋಲು ಕಟ್ಟಿಕೊಂಡು ಆ ದಿನ ಅದು ಬೇಗ ಹೊರಡಲಿಲ್ಲ; ಸತ್ತವನೂ ಹತ್ತು ನಿಮಿಷ ಕಾಯಬೇಕಾಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವಳ ಗಂಡ ಅರ್ಸೆನಿಯೊ ಕೂಡ ಒಬ್ಬ.

"ಸಂಜೆ ತನಕ ಟೈಮ್ ಕೊಡ್ತೀನಿ," ಎಂದ ಅವನು ಮನೆಗೆ ಬಂದವನೇ. "ರಿಪೇರಿ ಆಯ್ತೋ ಸರಿ. ಇಲ್ಲಾಂದ್ರೆ ತಮ್ಮನ್ನ ಕರೆಸಿ ಗುಜರಿಗೆ ಎಳೆಸ್ತೀನಿ. ಭುಜ ನೋಡು, ಹೆಂಗೆ ಊದಿದೆ!"

ಹದಿನಾಲ್ಕು ವರ್ಷ ಕಸೂತಿ ಹಾಕಿ ಕೂಡಿಟ್ಟು ಸುನಿಲ್ದಾ ಕೊಂಡ ಕಾರು ಅದು. ಕಾಗದಪತ್ರ ಮಾತ್ರ ಗಂಡನ ಹೆಸರಿನಲ್ಲಿತ್ತು. ಪ್ರತಿ ಗುರುವಾರ ಮಧ್ಯಾಹ್ನ ಅವಳು ಒಬ್ಬಳೇ ಅದರಲ್ಲಿ ಇಪಾಕರಾಯಿ ಸರೋವರಕ್ಕೆ ಹೋಗಿ, ದಂಡೆಯ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದಳು. ಅಲ್ಲಿ ಏನೂ ಮಾಡುತ್ತಿರಲಿಲ್ಲ. ಏನೂ ಮಾಡದೆ ಇರಲು ಅವಳಿಗೆ ಇದ್ದದ್ದು ಆ ಜಾಗ ಒಂದೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಕಾರು ಹೋದರೆ ಗುರುವಾರವೂ ಹೋದ ಹಾಗೆಯೇ.

ಮನೆ ಮುಂದಿನ ಮಾವಿನ ಮರದ ಕೆಳಗೆ ಬೀದಿಯವರೆಲ್ಲ ಸೇರಿದರು. ಸೊಪ್ಪು ನೆನೆಸಿದ ತಣ್ಣನೆಯ ಪಾನೀಯ ತೆರೆರೆಯ ಲೋಟ ಕೈಯಿಂದ ಕೈಗೆ ಸುತ್ತಿತು, ಜೊತೆಗೆ ಸಲಹೆಯೂ.

"ಪೆಟ್ರೋಲಲ್ಲಿ ನೀರು ಸೇರಿದೆ ಕಣೇ," ಎಂದಳು ಪಕ್ಕದ ಮನೆಯ ನಿಮಿಯಾ. "ನಮ್ಮೆಜಮಾನರ ಬೈಕೂ ಹಿಂಗೇ ಮಾಡ್ತಿತ್ತು. ಟ್ಯಾಂಕು ತೊಳೆಸಿದ್ರು."

"ಆಮೇಲೆ ಸರಿಹೋಯ್ತಾ?" ಎಂದಳು ಸುನಿಲ್ದಾ.

"ಹೋಗಿರ್ಬೇಕು. ಅದನ್ನ ಹತ್ತಿ ಹೋದೋರು ಇವತ್ತಿಗೂ ವಾಪಸ್ ಬಂದಿಲ್ಲ."

ಅತ್ತೆ ಪೊರ್ಫಿರಿಯಾ ನೀರಿನ ಮಾತಿಗೆ ಒಪ್ಪಲಿಲ್ಲ. "ಇದು ದೃಷ್ಟಿ," ಎನ್ನುತ್ತ ರೂದಾ ಸೊಪ್ಪಿನ ಕಟ್ಟೊಂದನ್ನು ತಂದು ಕಾರಿನ ಕನ್ನಡಿಗೆ ಕಟ್ಟಿದಳು. ಕಾರು ಕಷಾಯದ ಪಾತ್ರೆಯಂತೆ ಘಮಘಮಿಸತೊಡಗಿತು.

ಮೆಕ್ಯಾನಿಕ್ ವಿಲ್ಫ್ರಿದೊ ಬಂದ. ಎರಡು ತಿಂಗಳಲ್ಲಿ ಅವನು ಪ್ಲಗ್ಗು ಬದಲಾಯಿಸಿದ್ದ, ಪೆಟ್ರೋಲ್ ಪಂಪು ಬದಲಾಯಿಸಿದ್ದ, ಬದಲಾಯಿಸಲು ಇನ್ನೇನೂ ಸಿಗದೆ ಒಮ್ಮೆ ವೈಪರನ್ನೂ ಬದಲಾಯಿಸಿದ್ದ.

"ಅಕ್ಕಾ, ಕೀ ಕೊಡಿ. ಒಂದು ರೌಂಡ್ ಹೋಗ್ಬರ್ತೀನಿ."

ಸುನಿಲ್ದಾ ಗೊಂಚಲಿನಿಂದ ಕಾರಿನ ಕೀಯನ್ನಷ್ಟೇ ಬಿಡಿಸಿ ಕೊಟ್ಟಳು. ಉಳಿದದ್ದನ್ನು ಕೊಡುವಂತಿರಲಿಲ್ಲ. ದುಡಿಯಲು ಬ್ಯೂನಸ್ ಐರಿಸ್‌ಗೆ ಹೋದ ಐದು ಮನೆಯವರ ಬೀಗದ ಕೈಗಳು, ಪ್ರಾರ್ಥನಾ ಮಂದಿರದ್ದು, ನೀರಿನ ಟ್ಯಾಂಕಿನದು, ಅತ್ತೆಯ ಬೀರುವಿನದು, ಎಲ್ಲ ಅವಳನ್ನು ನಂಬಿ ಕೊಟ್ಟವು.

ವಿಲ್ಫ್ರಿದೊ ಊರಿನ ಕಲ್ಲುಹಾಸಿನ ಬೀದಿಗಳನ್ನೆಲ್ಲ ಸುತ್ತಿ, ಸಿಳ್ಳೆ ಹಾಕುತ್ತ ಬಂದ. "ಬೆಣ್ಣೆ ಜಾರಿದಂಗೆ ಓಡ್ತು, ಅಕ್ಕಾ!"

ಅವಳು ಕೀಯನ್ನು ಗೊಂಚಲಿಗೆ ಸೇರಿಸಿ ಹೊರಟಳು. ಮೊದಲನೇ ತಿರುವಿನಲ್ಲೇ ಕಾರು ನಿಂತಿತು. ಅವನು ಮತ್ತೆ ಕೀ ಇಸಿದುಕೊಂಡು ಹೋದ, ಓಡಿತು. ಅವಳು ಹೋದಳು; ನಿಂತಿತು. ಮೂರನೇ ಸಲ ವಿಲ್ಫ್ರಿದೊ ಟೋಪಿ ತೆಗೆದ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಕಾರಿಗೇನೂ ಆಗಿಲ್ಲ. ನಾನು ಓಡಿಸಿದ್ರೆ ನಿಲ್ಲಲ್ಲ, ನೀವು ಓಡಿಸಿದ್ರೆ ನಿಲ್ಲುತ್ತೆ."

"ಮದುವೆ ಆದಾಗಿಂದ ನಾನೂ ಅದನ್ನೇ ಹೇಳ್ತಿದೀನಿ," ಎಂದ ಅರ್ಸೆನಿಯೊ. "ಇವಳ ಕೈಗೆ ಸಿಕ್ಕಿದ್ದು ಯಾವುದು ಓಡುತ್ತೆ?" ಮರದ ಕೆಳಗೆ ಎಲ್ಲರೂ ನಕ್ಕರು.

ಸಂಜೆ ಐದಕ್ಕೆ ಸುನಿಲ್ದಾ ಯಾರಿಗೂ ಹೇಳದೆ ಕಾರು ಹತ್ತಿದಳು. ಕಲ್ಲುಹಾಸಿನ ಮೇಲೆ ಕುಲುಕಾಡುವಾಗ ಗೊಂಚಲು ಮಂಡಿಗೆ ಬಡಿಯುತ್ತಿತ್ತು. ಎರಡು ತಿಂಗಳಿಂದ ಅಲ್ಲಿ ನೀಲಿಗಟ್ಟಿತ್ತು; ಅವಳೇ ಗಮನಿಸಿರಲಿಲ್ಲ. ಕಾರು ನಿಂತಿತು. ಮತ್ತೆ ಹೊರಟಾಗ, ನೋವಿಗೆ, ಗೊಂಚಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. ಕಾರು ನಿಲ್ಲಲಿಲ್ಲ. ಕೈ ಬಿಟ್ಟಳು. ಎರಡನೇ ಗುಂಡಿಯಲ್ಲಿ ನಿಂತಿತು. ಎತ್ತಿ ಹಿಡಿದಳು. ಓಡಿತು.

ಜೋತಾಡುವ ಗೊಂಚಲು ಪ್ರತಿ ಗುಂಡಿಯಲ್ಲೂ ಕಾರಿನ ಕೀಯನ್ನು ಜಗ್ಗುತ್ತಿತ್ತು; ಕೀ ತೂರಿಸುವ ಜಾಗವೋ ಸವೆದು ಸಡಿಲವಾಗಿತ್ತು; ಕೀ ಹಿಂದಕ್ಕೆ ತಿರುಗಿ ಎಂಜಿನ್ನು ಆರಿಹೋಗುತ್ತಿತ್ತು. ಅಷ್ಟೇ.

ಅವಳು ಗೊಂಚಲನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡು ಎಣಿಸಿದಳು. ಹತ್ತೊಂಬತ್ತು. ಒಂದೂ ಅವಳ ಸ್ವಂತದ್ದಲ್ಲ.

ಮಾವಿನ ಮರದೆದುರು ಅವಳು ಬರೀ ಒಂದು ಕೀಯಲ್ಲಿ ನಾಲ್ಕು ಸುತ್ತು ಹೊಡೆದು, ಎಂಜಿನ್ನು ಆರಿಸದೆಯೇ ಕಾರಣ ಹೇಳಿದಳು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು.

"ನಾನು ಹೇಳ್ಲಿಲ್ವಾ ಅಕ್ಕಾ, ಕಾರಿಗೇನೂ ಆಗಿಲ್ಲ ಅಂತ?" ಎಂದ ವಿಲ್ಫ್ರಿದೊ.

ಅರ್ಸೆನಿಯೊ ತಮ್ಮನಿಗೆ ಫೋನು ಮಾಡಿದ. "ಬರ್ಬೇಡ ಕಣೋ. ಇಂಥ ಕಾರನ್ನ ಯಾವ ಮೂರ್ಖ ಗುಜರಿಗೆ ಹಾಕ್ತಾನೆ?"

ಸುನಿಲ್ದಾ ಗೆದ್ದಿದ್ದಳು. ನಾಳೆ ಗುರುವಾರ.

"ಇಷ್ಟು ದಿನ ಹತ್ತೋಕೇ ಭಯ ಆಗ್ತಿತ್ತು ಕಣೇ," ಎಂದಳು ನಿಮಿಯಾ. "ಇನ್ನೇನು, ಸೋಮವಾರ ಮಾರ್ಕೆಟ್ಟಿಗೆ ನನ್ನನ್ನೂ ಕರ್ಕೊಂಡು ಹೋಗು."

"ಮಂಗಳವಾರ ನನ್ನ ಕಾಲು ತೋರಿಸ್ಬೇಕು," ಎಂದಳು ಅತ್ತೆ. "ಶುಕ್ರವಾರ ಪಾದ್ರಿಗಳನ್ನ ಕರ್ಕೊಂಡ್ ಬರ್ಬೇಕು. ಗುರುವಾರ..."

"ಗುರುವಾರ ಆಗಲ್ಲ," ಎಂದಳು ಸುನಿಲ್ದಾ.

ಎಲ್ಲರೂ ತಿರುಗಿ ನೋಡಿದರು. "ಯಾಕೆ? ಏನು ಕೆಲಸ?"

ಸುಳ್ಳು ಹೇಳಬಹುದಿತ್ತು. ಆದರೆ ಆ ದಿನ ಅವಳಿಗೆ ಧೈರ್ಯ ಬಂದಿತ್ತು. "ಕೆಲಸ ಏನಿಲ್ಲ. ಸರೋವರಕ್ಕೆ ಹೋಗ್ತೀನಿ. ದಂಡೆ ಮೇಲೆ ಕೂತ್ಕೋತೀನಿ. ಸುಮ್ನೆ."

ಅತ್ತೆಯ ಕಣ್ಣಲ್ಲಿ ನೀರು ತುಂಬಿತು.

"ಸರೋವರ! ನಾನು ನೋಡಿ ಹನ್ನೊಂದು ವರ್ಷ ಆಯ್ತಲ್ಲೇ, ಮಗಳೇ!"

"ನಾನು ಚೀಪಾ ರೊಟ್ಟಿ ಸುಟ್ಕೊಂಡ್ ಬರ್ತೀನಿ," ಎಂದಳು ನಿಮಿಯಾ.

"ಹಳೇ ಗಾಡಿ, ಜೊತೇಲಿ ಮೆಕ್ಯಾನಿಕ್ ಇರ್ಬೇಕು," ಎಂದ ವಿಲ್ಫ್ರಿದೊ.

"ಪ್ರತೀ ವಾರ ಹೋಗೋಣ!" ಎಂದು ಅರ್ಸೆನಿಯೊ ಊದಿದ ಭುಜವನ್ನೂ ಮರೆತು ಕೈಯೆತ್ತಿದ.

ಪೊರ್ಫಿರಿಯಾ ಆಗಲೇ ಮುಂದಿನ ಬಾಗಿಲು ತೆಗೆದು, ಕಾಲು ಚಾಚಲು ಜಾಗ ಸಾಕೇ ಎಂದು ಕೂತು ನೋಡುತ್ತಿದ್ದಳು. ಸುನಿಲ್ದಾ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಎಂಜಿನ್ನಿನ ಸದ್ದನ್ನು ಆಲಿಸಿದಳು. ಒಂದೇ ಸಮನೆ ಗುರುಗುಡುತ್ತಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ.