ಘಾಟಬೋರಾಳದ ಹನ್ನೆರಡು ‘ಗಂಡಸರ’ ಪರವಾಗಿ ಕಸ್ಟಮ್ಸ್ ಸಾಹೇಬರಿಗೆ

ಮಾನ್ಯರೇ,

ಬಂದರಿನ ಕಚೇರಿಯಲ್ಲಿ ಕುಳಿತು, ದೇಶದೊಳಗೆ ಬರುವ ಪ್ರತಿಯೊಂದು ಅಂಗಿಯ ಕುಲಗೋತ್ರ ವಿಚಾರಿಸುವ ತಮಗೆ ಹುಮನಾಬಾದಿನ ಹೊಲಿಗೆ ಅಂಗಡಿಯ ರತ್ನಮಾಲಾಳ ಅನಂತ ನಮಸ್ಕಾರಗಳು. ತಮ್ಮ ಮೂರನೆಯ ನೋಟಿಸು ಕ್ಷೇಮವಾಗಿ ತಲುಪಿದೆ. ನಾನು ತರಿಸಿದ ಹನ್ನೆರಡು ಜಾಕೀಟುಗಳೂ ತಮ್ಮ ಗೋದಾಮಿನಲ್ಲಿ ಕ್ಷೇಮವಾಗಿವೆ ಎಂದು ನಂಬಿದ್ದೇನೆ. ಕ್ಷೇಮವಾಗಿಲ್ಲದಿರುವುದು ಘಾಟಬೋರಾಳದ ದ್ರೌಪತಿಯ ಕೈಗಳು ಮಾತ್ರ.

ದ್ರೌಪತಿ ಕಬ್ಬು ಕಡಿಯುವ ಹನ್ನೆರಡು ಹೆಣ್ಣುಮಕ್ಕಳ ಟೋಳಿಯ ಮುಂದಾಳು. ಕಬ್ಬಿನ ಗರಿಯ ಅಂಚು ಬ್ಲೇಡಿನಂತೆ ಕೈ ಸೀಳುವುದರಿಂದ ನಮ್ಮ ಕಡೆ ಇವರೆಲ್ಲ ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಹೊಲಕ್ಕಿಳಿಯುತ್ತಾರೆ. ಆ ಅಂಗಿಗಳ ಮುಂಗೈಗೆ ಇಲಾಸ್ಟಿಕ್ ಹಾಕಿಕೊಡುವವಳು ನಾನು. ತಿಂಗಳು ತುಂಬುವಷ್ಟರಲ್ಲಿ ಅಂಗಿಯೂ ಹರಿಯುತ್ತದೆ, ಕೈಯೂ ಹರಿಯುತ್ತದೆ. ಬೆಟ್ಟ ಹತ್ತುವವರಿಗೆಂದು ಪರದೇಶದಲ್ಲಿ ಹೊಲಿದ, ಮುಳ್ಳಿಗೂ ಹರಿಯದ ಜಾಕೀಟನ್ನು ಮೊಬೈಲಿನಲ್ಲಿ ನೋಡಿದ ನಾನು, ಈ ಹಂಗಾಮಿಗೆ ಇದನ್ನೇ ಹಾಕಿಸುತ್ತೇನೆ ಎಂದು ದೀಪಾವಳಿಯಲ್ಲಿ ದೊಡ್ಡ ಮಾತಾಡಿಬಿಟ್ಟೆ. ಈಗ ಎಳ್ಳಮಾವಾಸ್ಯೆಯೂ ಆಗಿಹೋಯಿತು. ಹಳ್ಳಿಖೇಡದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ, ದ್ರೌಪತಿ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಹೊಲಿಗೆಯಂತ್ರದ ಮೇಲೆ ತಲೆ ಬಗ್ಗಿಸುತ್ತೇನೆ.

ತಪ್ಪು ನಮ್ಮದೇ. ಕಾಗದಪತ್ರ ತುಂಬಿದ ಬಸವಕಲ್ಯಾಣದ ತೆರಿಗೆ ಸಲಹೆಗಾರ ಓಂಪ್ರಕಾಶ, “ಹಾಕ್ಕೊಳ್ಳೋರು ಹೆಣ್ಮಕ್ಕಳು ಅಂದ್ರ ಅವು ಹೆಣ್ಮಕ್ಕಳ ಜಾಕೀಟೇ ಆದ್ವಲ್ರಿ ಅಕ್ಕಾ” ಎಂದು ಹಾಗೇ ಬರೆದ. ಜಿಪ್ಪಿನ ಮೇಲಿನ ಪಟ್ಟಿ ಎಡಬದಿಯಿಂದ ಬಂದು ಬಲಬದಿಯನ್ನು ಮುಚ್ಚುವುದರಿಂದ ಅವು ಗಂಡಸರ ಉಡುಪು ಎಂದು ತಾವು ಮೊದಲನೆಯ ನೋಟಿಸಿನಲ್ಲಿ ಕಂಡುಹಿಡಿದಿರಿ. ಇಪ್ಪತ್ತು ವರ್ಷ ಗುಂಡಿ ಹಚ್ಚಿದ ನನಗೇ ಇದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಎರಡನೆಯದರಲ್ಲಿ, ಬಟ್ಟೆಯ ಒಳಮೈಗೆ ಬಳಿದ ಪ್ಲಾಸ್ಟಿಕ್ ಬರಿಗಣ್ಣಿಗೆ ಕಾಣುತ್ತದೆಯೇ, ಕಂಡರೆ ಸುಂಕದ ವರ್ಗವೇ ಬೇರೆ, ಎಂಬ ಘನವಾದ ಪ್ರಶ್ನೆ ಎತ್ತಿ, ಒಂದು ಜಾಕೀಟಿನ ತೋಳಿನಿಂದ ಅಂಗೈಯಗಲದ ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದಿರಿ. ಬರಿಗಣ್ಣಿಗೆ ಕಾಣುವುದನ್ನು ತಿಳಿಯಲೂ ಯಂತ್ರದ ಸಲಹೆ ಕೇಳುವ ಈ ವಿನಯ ಎಲ್ಲರಿಗೂ ಬರುವುದಿಲ್ಲ. ದ್ರೌಪತಿಗೆ ಹೇಳಿದಾಗ, “ತೂತು ಬಿದ್ದದ್ದು ನನಗೇ ಇಡ್ರಿ. ನನ್ನ ಕೈಗೆ ಅದಕ್ಕಿಂತ ಭಾಳ ತೂತು ಬಿದ್ದಾವ” ಎಂದಳು. ನಗುತ್ತಲೇ ಅಂದಳು, ನನಗೆ ಮಾತ್ರ ನಗಲಾಗಲಿಲ್ಲ.

ಮೂರನೆಯ ನೋಟಿಸಿನಲ್ಲಿ ಇವು ಹಿಮದ ಮೇಲೆ ಜಾರುವ ಆಟದ ಉಡುಪೇ ಎಂದು ಕೇಳಿದ್ದೀರಿ. ಸಾಹೇಬರೇ, ಹುಮನಾಬಾದಿನಲ್ಲಿ ಬರ್ಫ ಬೀಳುವುದು ಕಬ್ಬಿನ ಹಾಲಿನ ಗ್ಲಾಸಿಗೆ ಮಾತ್ರ. ಅದರ ಮೇಲೆ ಜಾರುವುದು ನೊಣ. ಇಷ್ಟರಿಂದ ತಮ್ಮ ಸುಂಕಪಟ್ಟಿಗೆ ನೆರವಾಗುವುದಾದರೆ ಬರೆದುಕೊಳ್ಳಬಹುದು.

ಇನ್ನು ನನ್ನ ಬಿನ್ನಹ. ಉಡುಪು ಗಂಡಸರದೋ ಹೆಂಗಸರದೋ ಎಂಬುದನ್ನು ತೊಡುವವರನ್ನು ನೋಡದೆ ಪಟ್ಟಿಯ ಎಡಬಲದಿಂದಲೇ ನಿರ್ಧರಿಸುವ ತಮ್ಮ ನಿಯಮ ನನಗೆ ಬಹಳ ಹಿಡಿಸಿದೆ. ಆದ್ದರಿಂದ ತಾವು ಒಂದು ಮುಂಜಾನೆ ಘಾಟಬೋರಾಳದ ಹೊಲಕ್ಕೆ ದಯಮಾಡಿಸಿ, ಗಂಡಂದಿರ ಅಂಗಿ ತೊಟ್ಟು ನಿಂತ ಈ ಹನ್ನೆರಡು ಮಂದಿಯ ಗುಂಡಿಪಟ್ಟಿ ಪರೀಕ್ಷಿಸಿ, ಇವರೆಲ್ಲ ಗಂಡಾಳುಗಳೇ ಎಂದು ಮೊಹರು ಒತ್ತಿದ ಒಂದು ಪ್ರಮಾಣಪತ್ರ ಕರುಣಿಸಬೇಕು. ನಮ್ಮಲ್ಲಿ ಅದೇ ಸಾಲು, ಅದೇ ಬಿಸಿಲು, ಅದೇ ಕಬ್ಬು. ಆದರೂ ಗಂಡಾಳಿಗೆ ಒಂದು ಪಗಾರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ತಮ್ಮ ಒಂದು ಸಹಿಯಿಂದ ಅದು ಸರಿಹೋಗುವುದಾದರೆ ಜಾಕೀಟುಗಳನ್ನು ತಾವೇ ಇಟ್ಟುಕೊಂಡು ಎಲ್ಲಿ ಬೇಕೋ ಅಲ್ಲಿ ಜಾರಬಹುದು. ಸಹಿ ಆಗದಿದ್ದರೆ, ಶಿವರಾತ್ರಿಗೆ ಕಬ್ಬು ಮುಗಿಯುತ್ತದೆ, ಅಷ್ಟರೊಳಗೆ ಜಾಕೀಟುಗಳನ್ನು ಕಳಿಸಿಕೊಡಿ.

ಎಡಬಲಗಳ ಮರ್ಮವನ್ನು ತಡವಾಗಿ ಕಲಿತ ತಮ್ಮ ವಿಶ್ವಾಸಿ,
ರತ್ನಮಾಲಾ
ಹೊಲಿಗೆ ಅಂಗಡಿ, ಹುಮನಾಬಾದ

ತಾ.ಕ.: ತಾವು ಬರುವ ತನಕ ತಡೆಯಲಾರದೆ, ತಮ್ಮ ಮೊದಲ ನೋಟಿಸಿನ ನಕಲನ್ನು ಟೋಳಿಯ ಗುತ್ತೇದಾರ ಬಸವಣಪ್ಪನವರಿಗೆ ತೋರಿಸಿದೆವು. ಅವರು ಪೂರ್ತಿ ಓದಿ, “ಅಂಗಿ ಗಂಡಸರದ್ದೇ ಇರಬಹುದು, ಒಳಗಿದ್ದವರು ಹೆಣ್ಣಾಳೇ ಅಲ್ಲೇನ್ರಿ?” ಎಂದು ಮಡಚಿ ಕೊಟ್ಟರು. ಸುಂಕ ಹಾಕುವಾಗ ಒಳಗೆ ಯಾರಿದ್ದಾರೆಂದು ತಾವು ನೋಡುವುದಿಲ್ಲ, ಪಗಾರ ಕೊಡುವಾಗ ಅವರು ಅದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ತಾವಿಬ್ಬರೂ ಒಮ್ಮೆ ಕೂಡಿ ಕುಳಿತು ಮಾತಾಡಿಕೊಂಡರೆ, ಯಾವ ಪಟ್ಟಿಯಲ್ಲಿ ಬರೆಸಿಕೊಳ್ಳಬೇಕೆಂದು ದ್ರೌಪತಿಗೆ ತಿಳಿಸುತ್ತೇನೆ.