ತಟ್ಟೆಯಡಿಯ ಬಕ್ಷೀಸು

ತಿನ್ನುವಾಗ ಎಲ್ಲರೂ ಒಂದೇ. ದುಡ್ಡು ಕೊಡುವ ಹೊತ್ತಿಗೆ ಒಬ್ಬೊಬ್ಬರದು ಒಂದೊಂದು ವೇಷ. ಹೋಟೆಲಿನಲ್ಲಿ ಇಂಥದ್ದು ನಡೆಯದ ದಿನವೇ ಇಲ್ಲ. ದಾದರ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ನಾನು ಮಾಣಿಯಾಗಿದ್ದೆ. ಮಾಣಿ ಅಂದರೆ ಬಡಿಸುವವ. ಆಣೆಯ ಕಾಲ ಅದು. ಶಾಲೆ ಕಲಿತದ್ದು ಕಡಿಮೆ. ಆ ಮೇಜುಗಳೇ ಅನ್ನ ಕೊಟ್ಟವು. ಈಗ ಹೆಂಡತಿ ಇಲ್ಲ. ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬನೇ ಕೂತಾಗ ಅಲ್ಲಿಯ ನಗುವೂ ಉಪಕಾರಕ್ಕೆ ಬರುತ್ತದೆ.

ನಾ ಕೊಡ್ತೀನ್ರಿ

ಧಾರವಾಡ ಕಡೆಯ ಇಬ್ಬರು ಬಟ್ಟೆ ವ್ಯಾಪಾರಿಗಳು. ತಿಂದು ಗಲ್ಲಾದ ಮುಂದೆ ನಿಂತರು.

“ನಾ ಕೊಡ್ತೀನ್ರಿ.”

“ಏ, ಬಿಡ್ರಿ. ನನ್ನ ಮರ್ಯಾದಿ ಏನಾಗ್ಬೇಕು?”

ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಹಾಗಾಗಿ ಯಾರ ಕೈಯೂ ಕಿಸೆಗೆ ಹೋಗಲಿಲ್ಲ. ಲೋಕಲ್ ರೈಲು ತಪ್ಪುತ್ತದೆ ಎಂದು ಹಿಂದಿನವರ ಬೈಗುಳ. ನಮ್ಮ ಧಣಿ ತಾಳ್ಮೆಯವರು. ಕೊನೆಗೆ ಹೇಳಿದರು: “ಜಗಳ ಬೇಡ. ಅರ್ಧರ್ಧ ಕೊಡಿ.”

ಇಬ್ಬರೂ ಥಟ್ಟನೆ ಕೈ ಬಿಟ್ಟರು. ಆಮೇಲೆ ಒಬ್ಬರು ಮೆಲ್ಲಗೆ ಅಂದರು:

“ಅರ್ಧ ಹೆಂಗ್ರಿ? ನಾ ವಡಾ ತಿಂದಿಲ್ಲಲ್ಲ!”

ನಿಯತ್ತು

ಊರಿನಿಂದ ಆಗಷ್ಟೇ ಬಂದ ಒಬ್ಬ ಅಜ್ಜ ಕಾಫಿ ಕುಡಿಯುತ್ತಿದ್ದರು. ಪಕ್ಕದ ಮೇಜಿನ ಸಾಹೇಬರು ತಟ್ಟೆಯಡಿ ಎರಡಾಣೆ ಇಟ್ಟು ಹೋದರು. ನಾನು ತೆಗೆದೆ. ಅಜ್ಜ ನನ್ನ ಕೈ ಹಿಡಿದರು.

“ಕಳ್ಳಾ! ಅವರು ಮರೆತು ಹೋದದ್ದು ಅದು!”

ಬಕ್ಷೀಸು ಎಂದರೂ ಅಜ್ಜನಿಗೆ ತಿಳಿಯಲಿಲ್ಲ. ಕಿತ್ತುಕೊಂಡು ಓಡಿದರು. ಸ್ವಲ್ಪ ಹೊತ್ತಿನಲ್ಲಿ ಏದುಸಿರು ಬಿಡುತ್ತಾ ವಾಪಸು ಬಂದರು. ಮುಖ ಅರಳಿತ್ತು.

“ಕೊಟ್ಟೆ. ಖುಷಿಯಾಗಿ ಆ ಎರಡಾಣೆ ನನಗೇ ಇನಾಮು ಕೊಟ್ಟರು. ನಿಯತ್ತಿಗೆ ಬೆಲೆ ಉಂಟು ನೋಡು. ನೀನೂ ಕಲಿ.”

ಮಾಣಿ, ಇಲ್ಲಿ ಬಾ

ಹೆಂಡತಿ ಊರಿನಿಂದ ಬಂದ ಹೊಸತು. ಆಂಟಾಪ್ ಹಿಲ್‌ನಲ್ಲಿ ಖೋಲಿ. ಅವಳಿಗೆ ಒಂದೇ ಆಸೆ.

“ಮನೆಯಲ್ಲಿ ದಿನಾ ನಾನು ಬಡಿಸ್ತೇನೆ. ಒಂದು ದಿನ ನಾನು ಕೂತು ತಿನ್ನಬೇಕು. ನೀವು ಬಡಿಸಬೇಕು.”

ನನಗೆ ಹೆದರಿಕೆ. ಕೆಲಸದವರ ಮನೆಯವರು ಗಿರಾಕಿಗಳ ಮೇಜಿನಲ್ಲಿ ಕೂರಬಾರದು, ಇದು ಹೋಟೆಲಿನ ಕಟ್ಟಳೆ.

“ಗೊತ್ತಾದರೆ ಕೆಲಸ ಹೋಗ್ತದೆ ಮಾರಾಯ್ತಿ.”

“ನೀವು ಯಾರೋ, ನಾನು ಯಾರೋ. ಆಯಿತಾ?”

ಪಕ್ಕದ ಖೋಲಿಯ ಅಕ್ಕನನ್ನು ಕರೆದುಕೊಂಡು ಬಂದೇಬಿಟ್ಟಳು. ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯದವಳು ಇಲ್ಲಿ ಗಟ್ಟಿಯಾಗಿ ಕರೆದಳು:

“ಏ ಮಾಣಿ! ಮೇಜು ಒರೆಸು.”

ಒರೆಸಿದೆ.

“ಚಟ್ನಿ ಎಲ್ಲಿ?”

ತಂದುಕೊಟ್ಟೆ. ಅವಳು ಹೋಗುವಾಗ ಧಣಿ ಕೇಳಿದರು: “ಹೇಗಿತ್ತು ಅಮ್ಮ?”

“ದೋಸೆ ಲಾಯ್ಕುಂಟು. ಮಾಣಿ ಸ್ವಲ್ಪ ನಿಧಾನ.”

ಧಣಿ ಅವಳೆದುರೇ ನನ್ನನ್ನು ಬೈದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟಳು.

ಅವಳ ತಟ್ಟೆಯಡಿ ಒಂದು ಪಾವಲಿ. ಬೆಳಿಗ್ಗೆ ಅಂಗಿಯ ಕಿಸೆಯಲ್ಲಿ ಎಷ್ಟು ಹುಡುಕಿದರೂ ಸಿಗದ ನನ್ನದೇ ನಾಲ್ಕಾಣೆ! ಧಣಿ ನೋಡುತ್ತಿದ್ದರು. ಬಕ್ಷೀಸೆಲ್ಲ ಒಂದು ಡಬ್ಬಿಗೆ ಹಾಕಿ, ಮಾಣಿಗಳು ನಾಲ್ವರೂ ಸಮಪಾಲು ಮಾಡಿಕೊಳ್ಳುವುದು ಪದ್ಧತಿ. ಹಾಕಿದೆ.

ಆ ದಿನ ಬೇರೆ ಯಾರೂ ಏನೂ ಇಟ್ಟಿರಲಿಲ್ಲ. ಸಂಜೆ ಪಾಲಾಯಿತು. ಜೊತೆಯವ ತನ್ನ ಒಂದಾಣೆಯನ್ನು ಕಣ್ಣಿಗೊತ್ತಿಕೊಂಡ.

“ಎಂಥ ದೊಡ್ಡ ಮನಸ್ಸು ಆ ಅಮ್ಮನದ್ದು! ಅವರ ಗಂಡ ಪುಣ್ಯವಂತ ಮಾರಾಯ.”

ನನ್ನ ಪಾಲಿನ ಒಂದಾಣೆ ಕಿಸೆಗೆ ಹಾಕಿಕೊಂಡೆ.

“ಹೌದು ಮಾರಾಯ, ಪುಣ್ಯವಂತ” ಅಂದೆ.