ಅತ್ತೆ ಕಂಡ ಶನಿ

ಮೈಕು ಕೈಗೆ ಬಂದರೆ ನನ್ನ ಬುದ್ಧಿ ನೆಟ್ಟಗಿರುವುದಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಶಾರದೆ ಮಾತು ಮುಗಿಸಿರುತ್ತಾಳೆ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುವಾಗ ಸೀಟು ಹಿಡಿದವರದೇ ಮಾತು, ನಾನು ನಿಂತು ಹೋಗುವವನು. ಕಚೇರಿಯ ವಿಷಯವಂತೂ ಕೇಳಲೇಬೇಡಿ. ಹೀಗೆ ವಾರವಿಡೀ ಗಂಟಲಲ್ಲಿ ಕಟ್ಟಿಕೊಂಡಿದ್ದೆಲ್ಲ ಶನಿವಾರ ಸಂಜೆ, ಚಾಂಪಿಯನ್ ರೀಫ್ಸಿನ ನಮ್ಮ ವೀಕ್ಷಣಾಲಯದ ತಾರಸಿಯ ಮೇಲೆ, ಮೈಕಿನ ಮೂಲಕ ಹೊರಬರುತ್ತದೆ.

ವೀಕ್ಷಣಾಲಯ ಎಂದೊಡನೆ ಗುಮ್ಮಟ ಗಿಮ್ಮಟ ಎಲ್ಲ ಕಲ್ಪಿಸಿಕೊಳ್ಳಬೇಡಿ. ರೈಲಿನ ಗೆಳೆಯರು ಕೆಲವರು ಸೇರಿ, ಹಳೆಯ ಕಟ್ಟಡವೊಂದರ ತಾರಸಿಯನ್ನು ಕೇಳಿ ಪಡೆದು, ಒಂದು ಟೆಲಿಸ್ಕೋಪು ಇಟ್ಟಿದ್ದೇವೆ. ನಮ್ಮೂರಿನವರು ತಲೆತಲಾಂತರದಿಂದ ನೆಲದೊಳಕ್ಕೆ ಇಳಿದು ಚಿನ್ನ ಹುಡುಕಿದವರು, ಇನ್ನು ಸ್ವಲ್ಪ ಮೇಲಕ್ಕೂ ನೋಡಲಿ ಎಂಬ ಆಸೆ. ಟೆಲಿಸ್ಕೋಪಿಗೆ ಮೋಟಾರಿಲ್ಲ, ಕೈಯಲ್ಲೇ ತಿರುಗಿಸಬೇಕು. ಬೆರಳು ತಾಗಿದರೂ ಕೊಳವೆ ಅಲುಗುತ್ತದೆ. ಗ್ರಹವೋ, ಇಟ್ಟ ಜಾಗದಲ್ಲಿ ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರು ನೋಡಿದ ಮೇಲೂ ನಮ್ಮಲ್ಲೊಬ್ಬರು ಕಣ್ಣಿಟ್ಟು ಸರಿಮಾಡಬೇಕು. ಈ ನಿಯಮ ಮಾಡಿದವನು ನಾನೇ. ಅದನ್ನು ಮೊದಲು ಮುರಿದವನೂ ನಾನೇ.

ಕಾರ್ತೀಕದ ಒಂದು ಶನಿವಾರ ಬೂದಿಕೋಟೆ ಕಡೆಯಿಂದ ನನ್ನ ಮಾವನ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಬಂದುಬಿಟ್ಟರು. ಅಳಿಯ ಶನಿಯನ್ನು ತೋರಿಸುತ್ತಾನಂತೆ ಎಂಬ ಸುದ್ದಿ ಅವರ ಹಾಲಿನ ಡೇರಿಯಲ್ಲಿ ಹಬ್ಬಿತ್ತು. ಶನಿವಾರ, ಅದರಲ್ಲೂ ಶನಿದರ್ಶನ! ಬಹಳ ಮಂದಿ ತಲೆಗೆ ನೀರು ಹಾಕಿಕೊಂಡು ಬಂದಿದ್ದರು. ಚಪ್ಪಲಿಗಳು ಮೆಟ್ಟಿಲ ಕೆಳಗೇ ಉಳಿದವು. ಒಬ್ಬರು ಎಳ್ಳೆಣ್ಣೆಯ ಬಾಟಲಿ ಹಿಡಿದು "ಇದನ್ನ ಎಲ್ಲಿ ಉಯ್ಯದು?" ಎಂದು ಕೇಳಿದರು. ನಾನು ಬೆಚ್ಚಿಬಿದ್ದು ಟೆಲಿಸ್ಕೋಪಿನ ಕನ್ನಡಿಗೆ ಅಡ್ಡ ನಿಂತೆ.

ಶನಿಯನ್ನು ಹಿಡಿದು ನಿಲ್ಲಿಸಿ, ಜನರ ಕಡೆ ತಿರುಗಿ ಮೈಕು ಎತ್ತಿಕೊಂಡೆ. "ಬಳೆಯೊಳಗೆ ಗೋಲಿ ಇಟ್ಟ ಹಾಗೆ ಕಾಣುತ್ತದೆ, ನೋಡಿ!" ಎಂದು ಶುರು ಮಾಡಿದವನು ಉಂಗುರ, ಉಪಗ್ರಹ ಎಂದು ಹೋಗುತ್ತಲೇ ಇದ್ದೆ. ಸಾಮಾನ್ಯವಾಗಿ ಕೊಳವೆ ಸರಿಮಾಡುವ ಗೆಳೆಯ ಸೆಲ್ವಂ ಅಂದು ಟೆಂಪೋ ನಿಲ್ಲಿಸಲು ಜಾಗ ತೋರಿಸುತ್ತ ಕೆಳಗಿದ್ದ. ನನ್ನ ಬೆನ್ನ ಹಿಂದೆ ನಮ್ಮ ನೆಂಟರು ಒಬ್ಬೊಬ್ಬರಾಗಿ ಬಂದು, ಎರಡೂ ಕೈಯಿಂದ ಕೊಳವೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಇಣುಕಿ, "ಭಾಳ ಚೆನ್ನಾಗೈತೆ ಅಳೀಮಯ್ಯ" ಎಂದು ಮುಂದೆ ಹೋಗುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

ಆಮೇಲೆ ಮುನಿಯಮ್ಮನವರು ಬಂದರು. ಶಾರದೆಯ ಸೋದರತ್ತೆ, ಹಾಗಾಗಿ ನನಗೂ ಅತ್ತೆಯೇ. ಬಹಳ ಹೊತ್ತು ಇಣುಕಿದವರು ತಲೆ ಎತ್ತಿ, "ಏನೂ ಕಾಣ್ತಿಲ್ವಲ್ಲಪ್ಪ. ಬಾವಿಗೆ ಬಗ್ಗಿ ನೋಡ್ದಂಗೈತೆ" ಎಂದರು.

ಆಗಲಾದರೂ ಒಮ್ಮೆ ಇಣುಕಬಾರದಿತ್ತೇ? ನಾನು ಮೈಕಿನಲ್ಲೇ ನಕ್ಕೆ. "ಅತ್ತೆ, ಶನಿ ಅಲ್ಲೇ ಇದ್ದಾನೆ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಮೊದಲು ಡಾಕ್ಟರಿಗೆ ತೋರಿಸಿ!" ಎಂದೆ. ತಾರಸಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು.

ಟೆಂಪೋ ಹೋದ ಮೇಲೆ ಸೆಲ್ವಂ ಬಂದು ಇಣುಕಿದ. "ಅಣ್ಣಾ, ಒಣ್ಣುಮೇ ಇಲ್ಲಯೇ! ಏನೂ ಇಲ್ಲ ಇಲ್ಲಿ!" ಎಂದ. ನಮಸ್ಕಾರದ ಮೇಲೆ ನಮಸ್ಕಾರ ಬಿದ್ದು ಕೊಳವೆ ತಗ್ಗಿತಗ್ಗಿ, ಕತ್ತಲಲ್ಲಿ ಕೂತಿದ್ದ ಸೈನೈಡ್ ಗುಡ್ಡವನ್ನು ನೋಡುತ್ತಿತ್ತು. ಹಾಗಾದರೆ ನೆಂಟರೆಲ್ಲ ಚೆನ್ನಾಗೈತೆ ಎಂದದ್ದು ಗಣಿಯ ಮಣ್ಣಿನ ಗುಡ್ಡೆಯನ್ನು! ಅವರ ತಪ್ಪೇನಿದೆ? ಅಳಿಯನ ಟೆಲಿಸ್ಕೋಪು, ಅಳಿಯನ ಶನಿ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಉಪ್ಪಿಲ್ಲದ ಉಪ್ಪಿಟ್ಟನ್ನೂ ಹೀಗೇ ಹೊಗಳಿ ತಿಂದವರು ಅವರು. ಉಪ್ಪಿಲ್ಲವೆಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವರು ಅಂದೂ ಮುನಿಯಮ್ಮತ್ತೆ ಒಬ್ಬರೇ.

ಆ ವಾರದಿಂದ ಫೋನಿನಲ್ಲಿ ಸುದ್ದಿಗಳು ಬರತೊಡಗಿದವು. ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟರಂತೆ. ಹಾಲು ಕರೆಯುವುದನ್ನು ಸೊಸೆಗೆ ಒಪ್ಪಿಸಿದರಂತೆ, ಹಸು ಸೊಸೆಯನ್ನು ಒದೆಯಿತಂತೆ. ಸಂಜೆಯಾದರೆ ಗೋಡೆ ಹಿಡಿದುಕೊಂಡು ನಡೆಯುತ್ತಾರಂತೆ. ಬಂಗಾರಪೇಟೆಯ ಕಣ್ಣಿನ ಡಾಕ್ಟರು ನೋಡಿ, ಪೊರೆಯೂ ಇಲ್ಲ ಗಿರೆಯೂ ಇಲ್ಲ, ಸೂಜಿಗೆ ದಾರ ಪೋಣಿಸಬಹುದು ಎಂದರಂತೆ. ಅತ್ತೆ ಒಪ್ಪಲಿಲ್ಲ. "ಓದ್ಕೊಂಡಿರೋ ಅಳಿಯ, ಅಷ್ಟು ಜನದ ಮುಂದೆ ಸುಮ್ನೆ ಏಳ್ತಾರಾ?" ಎಂದರಂತೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಕೊಳವೆ ತಗ್ಗಿದ್ದ ಸಂಗತಿಯನ್ನು ಶಾರದೆಗೆ ಹೇಳಿಬಿಟ್ಟೆ.

"ಫೋನ್ ಮಾಡಿ, ತಪ್ಪು ನಂದು ಅಂತ ಒಂದು ಮಾತು ಹೇಳಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಶಾರದೆ. ಅವಳಿಗೇನು ಗೊತ್ತು, ಅಳಿಯನ ಕಷ್ಟ? ನಾನು ಬೇರೆ ಉಪಾಯ ಹೂಡಿದೆ. ಅತ್ತೆಯನ್ನು ಮತ್ತೆ ಕರೆಸಿ ಶನಿಯನ್ನು ಸರಿಯಾಗಿ ತೋರಿಸಿಬಿಟ್ಟರೆ ಅವರಿಗೆ ಕಣ್ಣಿನ ಮೇಲೆ ನಂಬಿಕೆ ಬರುತ್ತದೆ, ನಾನು ಬಾಯಿ ಬಿಡುವ ಪ್ರಸಂಗವೇ ಇರುವುದಿಲ್ಲ.

ಕಳೆದ ಶನಿವಾರ ಅತ್ತೆ ಬಸ್ಸಿನಲ್ಲಿ ಬಂದರು. ಸಾಲಿನಲ್ಲಿ ಅವರನ್ನೇ ಮುಂದೆ ನಿಲ್ಲಿಸಿ, ಶನಿಯನ್ನು ನಟ್ಟನಡುವೆ ತಂದು, "ಬನ್ನಿ ಅತ್ತೆ" ಎಂದೆ. ಅವರು ಎರಡೂ ಕೈಯಿಂದ ಕೊಳವೆ ಮುಟ್ಟಿ ಕಣ್ಣಿಗೊತ್ತಿಕೊಂಡು ಇಣುಕಿದರು. "ಕಂಡ್ತು ಅಳೀಮಯ್ಯ," ಎಂದರು. "ನೀವು ಏಳ್ದಂಗೇ, ಬಳೆಯೊಳಗೆ ಗೋಲಿ ಇಟ್ಟಂಗೈತೆ."

"ನೋಡಿ, ನಮ್ಮ ಅತ್ತೆಗೂ ಕಾಣಿಸಿತು!" ಎಂದು ಮೈಕಿನಲ್ಲಿ ಸಾರಿದೆ. ಚಪ್ಪಾಳೆ ಬಿತ್ತು. ಆಮೇಲೆ, ಈ ಸಲವಾದರೂ ನಿಯಮ ಪಾಲಿಸೋಣವೆಂದು, ಕಣ್ಣಿಟ್ಟೆ. ಬರೀ ಕಪ್ಪು. ಬಾವಿಗೆ ಬಗ್ಗಿ ನೋಡಿದ ಹಾಗಿತ್ತು.

ಮೈಕನ್ನು ದೂರ ಹಿಡಿದು, "ಅತ್ತೆ, ಕೊಳವೆ ಅಲುಗಿದೆ, ಸರಿ ಮಾಡುತ್ತೇನೆ, ಇನ್ನೊಂದು ಸಲ ನೋಡಿ" ಎಂದು ಪಿಸುಗುಟ್ಟಿದೆ.

"ಬ್ಯಾಡಪ್ಪ," ಎಂದು ಅವರು ನನ್ನ ಕೈ ಸವರಿದರು. "ಕಂಡ್ತು ಅಂದ್ನಲ್ಲ, ಸಾಕು. ಜನದ ಮುಂದೆ ಇನ್ನೊಂದ್ಸಲ ಯಾಕೆ ಆ ಪಾಡು? ಬಸ್ಸಿಗೆ ವೊತ್ತಾಯ್ತು, ಬತ್ತೀನಿ."

ಮೈಕು ಕೈಯಲ್ಲೇ ಇತ್ತು. ತಪ್ಪು ನನ್ನದು ಎನ್ನಲು ಎಷ್ಟು ಉಸಿರು ಬೇಕು? ನಾನು ಅದನ್ನೆತ್ತಿ, ಉಂಗುರ, ಉಪಗ್ರಹ ಎಂದು ಮತ್ತೆ ಶುರು ಮಾಡಿದೆ. ನಮ್ಮ ನೆಂಟರಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುವವರು ಒಬ್ಬರಿದ್ದರು, ಅವರನ್ನೂ ನಾನು ರಿಪೇರಿ ಮಾಡಿಬಿಟ್ಟಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು.

ಮನೆಗೆ ಬಂದೊಡನೆ ಶಾರದೆ ಕೇಳಿದಳು: "ಏನಾಯ್ತು? ಅತ್ತೆಗೆ ಕಾಣಿಸ್ತಾ?"

"ಚೆನ್ನಾಗಿ ಕಾಣಿಸ್ತಂತೆ" ಎಂದೆ.